ಪರ–ವಿರೋಧ: ಸಣ್ಣ ವಿಮಾನದಲ್ಲಿ ಒಬ್ಬರೇ ಸಾಗರ ದಾಟಬಹುದೇ?

ಪರ: ಲೆಕ್ಕ ಬಲ್ಲವರಿಗೆ ದಾರಿಯಿದೆ

1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಂದೇ ಎಂಜಿನ್ ನಂಬಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಮೂವತ್ಮೂರೂವರೆ ಗಂಟೆ ಹಾರಿದಾಗ ಅದನ್ನು ಹುಚ್ಚು ಎಂದಿದ್ದರೆ ಒಪ್ಪಬಹುದಿತ್ತು. ಈಗ ಅಟ್ಲಾಂಟಿಕನ್ನು ಒಂದೇ ನೆಗೆತಕ್ಕೆ ದಾಟಬೇಕಿಲ್ಲ. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟಿದಂತೆ ಸ್ಕಾಟ್ಲೆಂಡ್, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ಕೆನಡಾ ಎಂದು ಹೋಗಬಹುದು. 2019ರಲ್ಲಿ ಭಾರತದ ಪೈಲಟ್ ಆರೋಹಿ ಪಂಡಿತ್ ಹಗುರ ವಿಮಾನದಲ್ಲಿ ಒಬ್ಬರೇ ದಾಟಿದ್ದು ಹೀಗೆಯೇ.

ಇದು ಎದೆಗಾರಿಕೆಯ ಮಾತಲ್ಲ, ಲೆಕ್ಕದ ಮಾತು. ಹಂತ 1200 ಕಿ.ಮೀ., ವಿಮಾನದ ವೇಗ ಗಂಟೆಗೆ 200, ಎದುರುಗಾಳಿ 40 ಎನ್ನಿ. ಹೋಗುವಾಗ 160, ಮರಳುವಾಗ 240. ಹಿಂದಕ್ಕೂ ಮುಂದಕ್ಕೂ ಅಷ್ಟೇ ಹೊತ್ತು ಹಿಡಿಯುವ ಜಾಗ ನಟ್ಟನಡುವಿನ 600ರಲ್ಲಿಲ್ಲ, 720ರಲ್ಲಿದೆ. ಮೀಸಲು ಕಳೆದು 10 ಗಂಟೆಯ ಇಂಧನವಿದ್ದರೆ ಆರನೇ ಗಂಟೆಯವರೆಗೆ, ಅಂದರೆ 960 ಕಿ.ಮೀ. ತನಕ, ಹೊರಟಲ್ಲಿಗೇ ಮರಳಬಹುದು. ಈ ಎರಡು ಅಂಕಿ ಬರೆದುಕೊಳ್ಳದೆ ಹೊರಡುವವರ ಪರ ನಾನಿಲ್ಲ.

ದೂರದ ಹಂತಕ್ಕೆ ಕ್ಯಾಬಿನ್ನಿನಲ್ಲಿ ಫೆರಿ ಟ್ಯಾಂಕ್, ಅಂದರೆ ಹೆಚ್ಚುವರಿ ಇಂಧನದ ಟ್ಯಾಂಕ್, ಕೂರಿಸಬೇಕು. ಎಡವುವುದು ಇಲ್ಲೇ. ಫ್ಯೂಯೆಲ್ ಇಂಜೆಕ್ಷನ್ ಇರುವ ಕೆಲವು ಎಂಜಿನ್‌ಗಳು ಉರಿಸದೆ ಉಳಿದ ಇಂಧನವನ್ನು ರೆಕ್ಕೆಯ ಟ್ಯಾಂಕಿಗೆ ವಾಪಸ್ ಕಳಿಸುತ್ತವೆ. ಆ ಟ್ಯಾಂಕ್ ತುಂಬಿರುವಾಗಲೇ ಫೆರಿ ಟ್ಯಾಂಕಿನ ವಾಲ್ವ್ ತಿರುಗಿಸಿದರೆ ವಾಪಸ್ ಬಂದದ್ದೆಲ್ಲ ಗಾಳಿಯಾಡಲು ಇರುವ ವೆಂಟ್ ಕೊಳವೆಯಿಂದ ಸಮುದ್ರದ ಪಾಲು. ಮೊದಲು ರೆಕ್ಕೆಯ ಟ್ಯಾಂಕಿನಲ್ಲಿ ಜಾಗ ಖಾಲಿ ಮಾಡಿಕೊಂಡು ಆಮೇಲೆ ತಿರುಗಿಸಬೇಕು. ತೂಕವೂ ಲೆಕ್ಕವೇ: ಸಣ್ಣ ವಿಮಾನದ ಪೆಟ್ರೋಲಾದ ಏವ್‌ಗ್ಯಾಸ್ ಲೀಟರಿಗೆ ಸುಮಾರು 0.72 ಕೆ.ಜಿ., 400 ಲೀಟರಿಗೆ 288. ನಾಲ್ಕು ಜನರನ್ನು ಹೆಚ್ಚಿಗೆ ಕೂರಿಸಿದ ಹಾಗೆ. ರನ್‌ವೇ ಉದ್ದ ಬೇಕು, ಏರುವುದು ನಿಧಾನ.

ಎಂಜಿನ್ ನಿಂತರೆ ಎನ್ನುತ್ತಾರೆ. ಕೆಳಗಿರುವುದು ನೀರೋ ನೆಲವೋ ಎಂಜಿನ್ನಿಗೆ ಗೊತ್ತಿರುವುದಿಲ್ಲ. ಲೆಕ್ಕ ಸರಿಯಿರಲಿ, ಸಾಕು.

ವಿರೋಧ: ಒಂದು ಜಿಪ್ಪಿನ ಮಾತು

ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ, ಅರ್ಧ ಮನಸ್ಸಿನಿಂದಲಾದರೂ ವಾದಿಸುತ್ತೇನೆ. ಎಂಜಿನ್ನಿಗೆ ಗೊತ್ತಿಲ್ಲದ್ದು ಪೈಲಟ್ಟಿನ ಮೈಗೆ ಗೊತ್ತಾಗುತ್ತದೆ. ಐದು ಡಿಗ್ರಿಯ ನೀರಿನಲ್ಲಿ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗದು. ಹತ್ತು ನಿಮಿಷದ ಹೊತ್ತಿಗೆ ಬೆರಳು ಮಾತು ಕೇಳುವುದಿಲ್ಲ. ಗಾಳಿ ತುಂಬಿ ತೇಲುವ ಲೈಫ್ ರಾಫ್ಟಿನ ಹಗ್ಗ ಎಳೆಯಬೇಕಾದದ್ದು ಅದೇ ಬೆರಳು. ಆ ರಾಫ್ಟ್ ಫೆರಿ ಟ್ಯಾಂಕಿನ ಹಿಂದೆ ಸಿಕ್ಕಿಕೊಂಡಿದ್ದರೆ ಮುಗಿಯಿತು.

ಮೂರು ಸಾವಿರ ಮೀಟರ್ ಎತ್ತರದಲ್ಲಿ ಎಂಜಿನ್ ನಿಂತರೆ ನೀರು ಮುಟ್ಟುವ ಮೊದಲು ಹದಿನೈದು ನಿಮಿಷ ಸಿಕ್ಕೀತು. ಅಷ್ಟರೊಳಗೆ ಮತ್ತೆ ಸ್ಟಾರ್ಟ್ ಮಾಡಲು ನೋಡಬೇಕು, ರೇಡಿಯೊದಲ್ಲಿ ಆಪತ್ತಿನ ‘ಮೇಡೇ’ ಕರೆ ಕೊಡಬೇಕು, ಬಾಗಿಲು ಜಖಂ ಆಗಿ ಸಿಕ್ಕಿಕೊಳ್ಳದಂತೆ ಮೊದಲೇ ಚಿಲಕ ತೆಗೆದಿಡಬೇಕು, ಹೆದ್ದೆರೆಗಳಿಗೆ ಅಡ್ಡವಾಗದೆ ಅವುಗಳ ಉದ್ದಕ್ಕೆ ಇಳಿಯುವ ದಿಕ್ಕು ಹುಡುಕಬೇಕು. ತಣ್ಣೀರು ಮೈಗೆ ತಾಗದಂತೆ ತಡೆಯುವ ಇಮ್ಮರ್ಶನ್ ಸೂಟನ್ನು ಸೆಖೆಯೆಂದು ಸೊಂಟಕ್ಕೇ ಬಿಟ್ಟುಕೊಂಡಿದ್ದರೆ ಜಿಪ್ಪನ್ನೂ ಈಗಲೇ ಎಳೆಯಬೇಕು. ಇಬ್ಬರಿದ್ದರೆ ಒಬ್ಬರು ಹಾರಿಸಿಯಾರು, ಇನ್ನೊಬ್ಬರು ಜಿಪ್ ಎಳೆದಾರು. ಕ್ಯಾಲ್ಕುಲೇಟರ್ ಹಿಡಿದವರಿಗೆ ಸಮುದ್ರವೇ ಬತ್ತಿದಂತೆ ಕಾಣುತ್ತದೆ, ಏನು ಮಾಡೋಣ.

ರೆಕ್ಕೆಗೆ ಹಿಮ ಕಟ್ಟುವ ಮಾತು ಎತ್ತುವುದಿಲ್ಲ. ಅಂಥ ದಿನ ಹೊರಡಬಾರದು ಎಂದು ಆಚೆಯವರೂ ಹೇಳಿಯಾರು. ಬೆಚ್ಚನೆಯ ನೀರಿನ ಮೇಲೆ, ಉಪಗ್ರಹಕ್ಕೆ ಆಪತ್ತಿನ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ಮೈಗೇ ಕಟ್ಟಿಕೊಂಡು ಹೊರಟವರನ್ನು ನಾನೂ ತಡೆಯಲಾರೆ. ತಣ್ಣೀರಿನ ಮೇಲಾದರೆ ಜಿಪ್ಪನ್ನು ರನ್‌ವೇಯಲ್ಲೇ ಕತ್ತಿನವರೆಗೆ ಎಳೆದುಕೊಳ್ಳಲಿ.