ಮನಸ್ಸಿಲ್ಲದ ದಿನವೂ ದೀಪ

ಅಮ್ಮ ತೀರಿಕೊಂಡ ಮೇಲೆ ನಾನು ದೇವರಿಗೆ ದೀಪ ಹಚ್ಚುವುದನ್ನೇ ಬಿಟ್ಟಿದ್ದೆ. ಸೂತಕ ಕಳೆದು ತಿಂಗಳುಗಳಾದರೂ ಮನಸ್ಸು ಬರಲಿಲ್ಲ. ಮನಸ್ಸಿಲ್ಲದೆ ಸುಮ್ನೆ ಕೈ ಮುಗಿಯುವುದು ಮೋಸ ಅನಿಸುತ್ತಿತ್ತು. ಭಕ್ತಿಯಿಲ್ಲದ ಪೂಜೆಗೆ ಬೆಲೆಯಿಲ್ಲ ಎಂದು ಕೇಳಿಯೇ ಬೆಳೆದವರು ನಾವು, ಅಲ್ವಾ?

ಇಲ್ಲಿ ಮುಂಬಯಿ ಪಕ್ಕದ ಠಾಣೆ ಊರಲ್ಲಿ ನಮ್ಮ ಕೆಳಗಿನ ಮನೆಯ ಕಾಕಾ ಬೆನೆ ಇಸ್ರೇಲ್ ಎಂಬ ಕೊಂಕಣದ ಯಹೂದಿ ಪಂಗಡದವರು. ಮನೆಮಾತು ಮರಾಠಿ. ಅವರ ಹೆಂಡತಿಯೂ ಅದೇ ವರ್ಷ ಹೋದರು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಶನಿವಾರ ಸಂಜೆವರೆಗಿನ ಬಿಡುವಿನ ಹೊತ್ತಾದ ಸಬ್ಬತ್‌ನ ದೀಪ ಹಚ್ಚುವವರು ಅವರಲ್ಲಿ ಸಾಮಾನ್ಯವಾಗಿ ಹೆಂಗಸರು. ಕಾಕು ಹೋದ ಮೇಲೆ ಕಾಕಾ ತಾವೇ ಹಚ್ಚತೊಡಗಿದರು. ಒಂದು ದಿನ ತಡೆಯಲಾರದೆ ಕೇಳಿದೆ: "ಕಾಕಾ, ದೇವರ ಮೇಲೆ ಸಿಟ್ಟಿಲ್ವಾ ನಿಮಗೆ?"

"ಇದೆಯಪ್ಪಾ. ಆದರೆ ಶುಕ್ರವಾರ ಬಂತಲ್ಲ."

ಈ ಮಾತು ಅವರೊಬ್ಬರದಲ್ಲ. ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ಹಡಗು ಒಡೆದು ಬದುಕುಳಿದ ಏಳು ಜೋಡಿಗಳಿಂದ ತಮ್ಮ ಕುಲ ಬೆಳೆಯಿತು ಎನ್ನುತ್ತಾರೆ ಬೆನೆ ಇಸ್ರೇಲರು. ಗ್ರಂಥಗಳು ಹೋದವು. ಹೀಬ್ರೂ ಮರೆತುಹೋಯಿತು. ಉಳಿದದ್ದು 'ಶೆಮಾ' ಎಂಬ ಪ್ರಾರ್ಥನೆ, ಸುನ್ನತಿ, ಹುರುಪೆಯಿಲ್ಲದ ಮೀನು ತಿನ್ನಬಾರದೆಂಬ ಕಟ್ಟು, ಶನಿವಾರದ ಬಿಡುವು. ಎಣ್ಣೆ ಗಾಣ ನಡೆಸುತ್ತಿದ್ದ ಅವರು ಶನಿವಾರ ಗಾಣ ಮುಟ್ಟುತ್ತಿರಲಿಲ್ಲ. ಅದಕ್ಕೇ ಕೊಂಕಣದವರು 'ಶನಿವಾರ್ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಯಾಕೆ ಹೀಗೆ ಎಂದು ಬಿಡಿಸಿ ಹೇಳುವ ಗುರುವಿರಲಿಲ್ಲ. ಆದರೂ ತಲೆಮಾರುಗಟ್ಟಲೆ ನಡೆಸಿಕೊಂಡು ಬಂದರು.

ಅವರ ಕಥೆ ನಮ್ಮ ಮೈಸೂರನ್ನೂ ತಾಗುತ್ತದೆ. ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್ ಟಿಪ್ಪುವಿನ ಸೆರೆಯಲ್ಲಿದ್ದಾಗ, ಜೀವ ಉಳಿದರೆ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತರಂತೆ. 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿಯೂ ಬಿಟ್ಟರು.

ನನಗೆ ಜಾಸ್ತಿ ತಟ್ಟಿದ್ದು ಮಾತ್ರ ಆಮೇಲಿನ ನೋವು. ಇಸ್ರೇಲಿಗೆ ಹೋದ ಬೆನೆ ಇಸ್ರೇಲರ ಮದುವೆಗೆ ಮುಂಚೆ ಅವರ ಹಿರಿಯರ ಮೂಲ ವಿಚಾರಿಸಬೇಕೆಂದು 1962ರಲ್ಲಿ ಅಲ್ಲಿನ ಮುಖ್ಯ ಧರ್ಮಗುರುಗಳ ಕಡೆಯಿಂದ ಸೂಚನೆ ಬಂತು. ಏನೂ ಇಲ್ಲದ ಕಾಲದಲ್ಲಿ ಶನಿವಾರವನ್ನು ಉಳಿಸಿಕೊಂಡವರಿಗೆ ಸ್ವಂತ ಜನರಿಂದಲೇ ಈ ಅನುಮಾನ! ಅವರು ಧರಣಿ ಕೂತರು. 1964ರಲ್ಲಿ ಅಲ್ಲಿನ ಸಂಸತ್ತು ಅವರ ಪರ ನಿಂತಿತು.

ದೇವರೊಡನೆ ಜಗಳಕ್ಕೆ ನಮ್ಮಲ್ಲೂ ಜಾಗವಿದೆ. ದಾಸರು ಬೈದೇ ಹೊಗಳಿದರು, ಅದನ್ನು ನಿಂದಾಸ್ತುತಿ ಎಂದು ಆದರದಿಂದ ಹಾಡುತ್ತೇವೆ. ಆದರೆ ಬೈಯಲಿಕ್ಕಾದರೂ ಒಳಗೆ ಕಾವು ಬೇಕು. ಏನೂ ಅನಿಸದ ದಿನ ಏನು ಮಾಡಬೇಕು? ಅಂಥ ದಿನಕ್ಕೆ ಕಾಕಾನ ದಾರಿಯೇ ಸರಿ ಎಂದು ನನಗನಿಸುತ್ತದೆ. ಕೈ ತನ್ನ ಕೆಲಸ ಮಾಡುತ್ತಿರಲಿ, ಮನಸ್ಸು ಬಂದಾಗ ಬರಲಿ.

ಕಳೆದ ಕಾರ್ತಿಕದಿಂದ ಮತ್ತೆ ದೀಪ ಹಚ್ಚುತ್ತಿದ್ದೇನೆ. ಅಮ್ಮನ ಹಿತ್ತಾಳೆ ದೀಪವೇ. ಶ್ಲೋಕ ಇನ್ನೂ ಬಾಯಿಗೆ ಬರುತ್ತಿಲ್ಲ. ಅವಳು ಹೊಸೆದಿಟ್ಟಿದ್ದ ಬತ್ತಿಗಳು ಮುಗಿದಿವೆ, ಈಗ ನಾನೇ ಹೊಸೆಯುತ್ತೇನೆ.