ಲಾಗಿನ್ ಸುಲಭವಾಯಿತು, ಬ್ಯಾಕಪ್ ಕೂಡ ಬೇಕು
ಫೋನು, ಟ್ಯಾಬ್ ಎಲ್ಲದರಲ್ಲೂ ಒಂದೇ ಹೆಸರು-ನಂಬರುಗಳು ಇರುವಂತೆ ನೋಡಿಕೊಳ್ಳುವ ಕಾಂಟ್ಯಾಕ್ಟ್ ಸಿಂಕ್ ಸೇವೆಗೆ ಇನ್ನು ಗೂಗಲ್ ಖಾತೆಯಿಂದ, ಪಾಸ್‌ಕೀಯಿಂದ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್ ಬಳಸುವ ವಿಧಾನ) ಲಾಗಿನ್ ಆಗಬಹುದು ಅಂತ ಬರೆದಿದ್ದೀರಿ. ಒಳ್ಳೆಯದಾಯಿತು, ಇನ್ನೊಂದು ಪಾಸ್‌ವರ್ಡ್ ನೆನಪಿಡುವ ತಾಪತ್ರಯ ತಪ್ಪಿತು. ಆದರೆ ಲಾಗಿನ್ ಆಗುವುದು ಬೇರೆ, ನಮ್ಮ ನಂಬರುಗಳನ್ನೆಲ್ಲ ಓದಲು ಒಪ್ಪಿಗೆ ಕೊಡುವುದು ಬೇರೆ ಅಲ್ವಾ? ಓಆತ್‌ನಲ್ಲಿ (ಪಾಸ್‌ವರ್ಡ್ ಕೊಡದೆ ಬೇರೊಂದು ಆ್ಯಪ್‌ಗೆ ನಮ್ಮ ಖಾತೆ ಬಳಸಲು ಒಪ್ಪಿಗೆ ಕೊಡುವ ವ್ಯವಸ್ಥೆ) ಎರಡನ್ನೂ ಬೇರೆ ಬೇರೆಯಾಗಿ ಕೇಳಬಹುದು. ಹಾಗೇ ಕೇಳಲಿ.

ಹೊಸ ಫೀಚರ್‌ಗಳಲ್ಲಿ ನನಗೆ ಜಾಸ್ತಿ ಬೇಕಾಗಿರುವುದು ಮಾಡಿದ್ದನ್ನು ರದ್ದು ಮಾಡುವ ಬಟನ್. ಹೋದ ವರ್ಷ ಬೇರೊಂದು ಆ್ಯಪ್ ಎರಡೆರಡು ಸಲ ಇದ್ದ ಹೆಸರುಗಳನ್ನು ತಾನೇ ಸೇರಿಸಿಬಿಟ್ಟಿತು. ಒಂದೇ ಹೆಸರಿನ ಇಬ್ಬರು ಗೆಳೆಯರು ಒಬ್ಬರಾದರು. ಸರಿಮಾಡಲು ಹೋಗಿ ಫೋನಿನಲ್ಲಿ ಅಳಿಸಿದ್ದು ಟ್ಯಾಬ್‌ನಲ್ಲೂ ಅಳಿಸಿಹೋಯಿತು. ಸಿಂಕ್ ಇದ್ದರೆ ಬ್ಯಾಕಪ್ ಇದ್ದಂತೆ ಅಂತ ನಂಬಿದ್ದೆ. ಈಗ ತಿಂಗಳಿಗೊಮ್ಮೆ ವಿಕಾರ್ಡ್ ಫೈಲ್ (ಹೆಸರು, ನಂಬರುಗಳನ್ನು ಉಳಿಸಿಡುವ ಫೈಲ್) ಇಳಿಸಿಟ್ಟುಕೊಳ್ಳುತ್ತೇನೆ. ದಯವಿಟ್ಟು ಅದನ್ನು ಇಳಿಸಿಕೊಳ್ಳುವ ಎಕ್ಸ್‌ಪೋರ್ಟ್ ಬಟನ್ ಮೊದಲ ಪುಟದಲ್ಲೇ ಇರಲಿ.