ತನ್ನ ಮನೆಯನ್ನೇ ನಂಬದ ವಿಮೆಗಾರ

“ಅಮೆರಿಕದಲ್ಲಿ ನೂರು ಡಾಲರಿಗೆ ಸರ್ಕಾರಿ ಮನೆ” ಎಂಬ ವಾಟ್ಸಾಪ್ ಸಂದೇಶ ಈ ತಿಂಗಳಲ್ಲಿ ನನಗೆ ಮೂರನೆಯ ಬಾರಿ ಬಂದಿದೆ. ಮೊದಲ ಎರಡು ಬಾರಿ ಅದು ಮೈಸೂರಿನ ನೆಂಟರಿಂದ ಬಂದಿದ್ದರಿಂದ ಸುಮ್ಮನಿದ್ದೆ. ಈ ಬಾರಿ ಕಳುಹಿಸಿದವನು ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ ಹನ್ನೊಂದು ವರ್ಷಗಳಿಂದ ಬಾಡಿಗೆ ಕಟ್ಟುತ್ತಿರುವ ನನ್ನ ಭಾವಮೈದುನ. “ಭಾವ, ಇದು ನಿಜವೇ? ಇಂಥ ಕಾಗದಗಳನ್ನೆಲ್ಲ ಕೂತು ಓದುವವರು ನಮ್ಮಲ್ಲಿ ನೀವೊಬ್ಬರೇ” ಎಂದು ಕೆಳಗೆ ಒಂದು ಸಾಲನ್ನೂ ಸೇರಿಸಿದ್ದಾನೆ. ಹೊಗಳಿಕೆಗೆ ಸೋತು ಓದಿದೆ, ಓದಬಾರದಿತ್ತು.

ನೂರು ಡಾಲರ್ ಎಂಬುದು ಸುಳ್ಳಲ್ಲ. ಅದು ಕೆಲವು ಮನೆಗಳಿಗೆ ಮುಂಗಡವಾಗಿ ಕೈಯಿಂದ ಕಟ್ಟಬೇಕಾದ ಹಣ. ಉಳಿದದ್ದನ್ನು ಮೂವತ್ತು ವರ್ಷ ಕಂತಿನಲ್ಲಿ ಕಟ್ಟಬೇಕೆಂಬ ಭಾಗವು ಸಂದೇಶ ಊರಿಂದ ಊರಿಗೆ ದಾಟುವಾಗ ಉದುರಿಹೋಗಿರಬೇಕು. ಒಂದೇ ಡಾಲರಿಗೆ ಮಾರುವ ಯೋಜನೆಯೂ ಉಂಟು, ಆದರೆ ಅದು ಆರು ತಿಂಗಳಾದರೂ ಯಾರೂ ಕೊಳ್ಳದ ಮನೆಗಳನ್ನು ಊರಿನ ಪೌರಾಡಳಿತಗಳ ತಲೆಗೆ ಕಟ್ಟುವ ಯೋಜನೆ. ಶಿಕ್ಷಕರು, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿಗೆ ಗೊತ್ತಾದ ಬಡಾವಣೆಗಳಲ್ಲಿ ಅರ್ಧ ಬೆಲೆಗೆ ಕೊಡುವುದುಂಟು. ಅವರು ಮೂರು ವರ್ಷ ಅಲ್ಲೇ ವಾಸಿಸಬೇಕು. ನನ್ನ ಭಾವಮೈದುನ ಸಾಫ್ಟ್‌ವೇರ್ ಪರೀಕ್ಷಕ. ಅವನಿಗೆ ಯಾವ ರಿಯಾಯಿತಿಯೂ ಇಲ್ಲ.

ಸರ್ಕಾರಕ್ಕೆ ಈ ಮನೆಗಳು ಎಲ್ಲಿಂದ ಬಂದವು? ಬ್ಯಾಂಕುಗಳು ಸಾಮಾನ್ಯ ಜನರಿಗೆ ಧೈರ್ಯವಾಗಿ ಸಾಲ ಕೊಡಲೆಂದು 1934ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಚ್‌ಎ, ಗೃಹಸಾಲಕ್ಕೆ ವಿಮೆ ಕೊಡಲಾರಂಭಿಸಿತು. 1965ರಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆ ಹುಟ್ಟಿದಾಗ ಎಫ್‌ಎಚ್‌ಎ ಅದರ ಮಡಿಲಿಗೆ ಬಂತು. ಆ ಇಲಾಖೆಯನ್ನು ಎಲ್ಲರೂ ‘ಹಡ್’ ಎನ್ನುತ್ತಾರೆ. ವಿಮೆಯಿದ್ದ ಸಾಲ ಮುಳುಗಿದರೆ ಬ್ಯಾಂಕು ಮನೆಯನ್ನು ಜಪ್ತಿ ಮಾಡಿ, ಹಡ್‌ನಿಂದ ವಿಮೆಯ ಹಣ ಪಡೆದು, ಮನೆಯನ್ನು ಅದಕ್ಕೇ ಒಪ್ಪಿಸಿ ಹೊರಟುಹೋಗುತ್ತದೆ. ಹೀಗೆ 1970ರ ದಶಕದಲ್ಲಿ ಡೆಟ್ರಾಯಿಟ್ ನಗರವೊಂದರಲ್ಲೇ ಸಾವಿರಾರು ಪಾಳು ಮನೆಗಳಿಗೆ ಇಲಾಖೆ ಒಡೆಯನಾಗಿತ್ತು. ವಸತಿ ಇಲಾಖೆಯೊಂದು ಜನವಸತಿಯೇ ಇಲ್ಲದ ಮನೆಗಳ ಒಡೆತನದಲ್ಲಿ ಇಷ್ಟು ಎತ್ತರಕ್ಕೆ ಏರಿದ್ದನ್ನು ನಾವು ಮೆಚ್ಚಲೇಬೇಕು.

ಈಗ ನಮ್ಮ ಕಥೆಯ ಸ್ವಾರಸ್ಯಕ್ಕೆ ಬರೋಣ. ಖಾಲಿ ಬಿದ್ದ ಮನೆಯಲ್ಲಿ ಚಳಿಗಾಲದ ನೀರು ಹೆಪ್ಪುಗಟ್ಟಿ ಕೊಳಾಯಿಗಳು ಸೀಳುತ್ತವೆ, ತಾಮ್ರದ ಕೊಳವೆಗಳಿಗೆ ಕಳ್ಳರು ಬರುತ್ತಾರೆ, ಸೋರುವ ಸೂರಿನ ಕೆಳಗೆ ಬೂಷ್ಟು ಬೆಳೆಯುತ್ತದೆ. ಆಗ ಹಡ್ ತಾನೇ ಒಬ್ಬ ಮೌಲ್ಯಮಾಪಕನನ್ನು ಕಳುಹಿಸಿ, ದುರಸ್ತಿಯ ಅಂದಾಜು ಮಿತಿ ಮೀರಿದರೆ ಆ ಮನೆಯ ಮೇಲೆ ‘ವಿಮೆಗೆ ಅನರ್ಹ’ ಎಂದು ಬರೆಯುತ್ತದೆ. ಯಾರ ವಿಮೆಗೆ? ಎಫ್‌ಎಚ್‌ಎ ವಿಮೆಗೆ, ಅಂದರೆ ತನ್ನದೇ ವಿಮೆಗೆ. ಯಾವ ಮನೆಗೆ ವಿಮೆ ಕೊಟ್ಟಿದ್ದರಿಂದಲೇ ಅದು ತನ್ನ ಪಾಲಿಗೆ ಬಂತೋ ಅದೇ ಮನೆಯನ್ನು, ತನ್ನ ಸುಪರ್ದಿಯಲ್ಲಿ ಇನ್ನಷ್ಟು ಹಾಳಾದ ಮೇಲೆ, ಇದು ನಂಬಿಕೆಗೆ ಅರ್ಹವಲ್ಲ ಎಂದು ಮಾಲೀಕನೇ ಸಾರಿ ಮಾರಾಟಕ್ಕಿಡುವ ಪ್ರಾಮಾಣಿಕತೆ ನಮ್ಮ ಸಂತೆಯ ಎತ್ತಿನ ವ್ಯಾಪಾರಿಗಳಲ್ಲಿ ಯಾರಿಗೂ ಇದ್ದಂತಿಲ್ಲ.

ಮಾರಾಟವಾದರೂ ಹೇಗೆ? ಇದ್ದಲ್ಲಿ, ಇದ್ದಂತೆ. ಹಡ್ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ, ಯಾವ ಭರವಸೆಯನ್ನೂ ಕೊಡುವುದಿಲ್ಲ. ನೀವು ನೇರವಾಗಿ ಬೆಲೆ ಕೂಗುವಂತೆಯೂ ಇಲ್ಲ, ಅಲ್ಲಿ ನೋಂದಾಯಿಸಿಕೊಂಡ ಏಜೆಂಟನ ಮೂಲಕವೇ ಕೂಗಬೇಕು. ಕಮೋಡಿನ ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಒಳಗೆ ಹೆಪ್ಪುಗಟ್ಟದ ಗುಲಾಬಿ ದ್ರಾವಣ ಸುರಿದಿರುತ್ತಾರೆ. ಕೊಳಾಯಿಯಲ್ಲಿ ನೀರು ಬರುತ್ತದೆಯೇ ಎಂದು ನೋಡಲು ಮೊದಲು ಅನುಮತಿ ಕೇಳಬೇಕು, ಅದಕ್ಕೂ ಮುನ್ನ ಕೊಳವೆಗಳು ಒತ್ತಡ ಪರೀಕ್ಷೆಯಲ್ಲಿ ಪಾಸಾಗಬೇಕು. ಫೇಲಾದರೆ ನೀರು ಬಿಡುವುದಿಲ್ಲ, ನೀರು ಬಿಡದಿದ್ದರೆ ಇನ್ನೆಲ್ಲೆಲ್ಲಿ ಸೋರುತ್ತದೆಂದು ತಿಳಿಯುವುದಿಲ್ಲ.

ಆದರೆ ಸರ್ಕಾರ ಕೈಬಿಡುವುದಿಲ್ಲ. ಅದರ ಬಳಿ 203(ಕೆ) ಎಂಬ ಮದ್ದಿದೆ. ಮನೆಯ ಬೆಲೆ, ದುರಸ್ತಿಯ ವೆಚ್ಚ ಎರಡನ್ನೂ ಒಂದೇ ಸಾಲದಲ್ಲಿ ಸೇರಿಸಿ, ದುರಸ್ತಿಯಾದ ಮೇಲೆ ಮನೆ ಎಷ್ಟು ಬಾಳಬಹುದೆಂಬ ಊಹೆಯನ್ನೂ ಲೆಕ್ಕಕ್ಕೆ ಹಿಡಿದು ಎಫ್‌ಎಚ್‌ಎ ಅದಕ್ಕೆ ವಿಮೆ ಕೊಡುತ್ತದೆ. ನಿನ್ನೆ ಅನರ್ಹವಾಗಿದ್ದ ಮನೆ ಇಂದು ಅರ್ಹ. ನಡುವೆ ಬದಲಾದದ್ದು ಸಾಲಗಾರನ ಹೆಸರು ಮಾತ್ರ. ಮನೆ ವಾಸಕ್ಕೆ ಯೋಗ್ಯವಾಗಿಲ್ಲದ ತಿಂಗಳುಗಳ ಕಂತನ್ನೂ ಇದೇ ಸಾಲದೊಳಗೆ ಸೇರಿಸಬಹುದು. ಸಾಲ ಮಾಡಿ ತುಪ್ಪ ತಿನ್ನುವುದನ್ನು ಕೇಳಿದ್ದೇವೆ, ಸಾಲ ಮಾಡಿ ಸಾಲ ತಿನ್ನುವ ಈ ಅಡುಗೆ ಹೊಸದು.

ಈ ಸಾಲದಲ್ಲಿ ಎರಡು ಬಗೆ, ಚಿಕ್ಕ ದುರಸ್ತಿಗೆ ‘ಲಿಮಿಟೆಡ್’, ದೊಡ್ಡದಕ್ಕೆ ‘ಸ್ಟ್ಯಾಂಡರ್ಡ್’. ಲಿಮಿಟೆಡ್‌ನ ಮಿತಿ ಬಹುಕಾಲ 35,000 ಡಾಲರಿನಲ್ಲಿ ನಿಂತಿದ್ದು 2024ರ ನವೆಂಬರಿನಲ್ಲಿ 75,000ಕ್ಕೆ ಏರಿತು. ಸ್ಟ್ಯಾಂಡರ್ಡ್‌ಗೆ ಇಲಾಖೆಯ ಪಟ್ಟಿಯಲ್ಲಿರುವ ಕನ್ಸಲ್ಟಂಟ್ ಬೇಕೇಬೇಕು. ಅವರು ಬಂದು ನೋಡಿ ಬರೆದ ನಂತರವೇ ಹಣ, ಅದೂ ಕಂತುಕಂತಾಗಿ, ಪ್ರತಿ ಕಂತಿನಲ್ಲೂ ನೂರಕ್ಕೆ ಹತ್ತನ್ನು ಕೊನೆಯವರೆಗೆ ಹಿಡಿದಿಟ್ಟುಕೊಂಡು. ಈ ಬಿಗಿಗೆ ಕಾರಣವೂ ಇದೆ. ದುರಸ್ತಿ ನೆಪದಲ್ಲಿ ಅಕ್ರಮ ನಡೆದದ್ದರಿಂದ 1996ರಲ್ಲಿ ಹೂಡಿಕೆದಾರರಿಗೆ ಈ ಸಾಲದ ಬಾಗಿಲು ಮುಚ್ಚಲಾಯಿತು. ಸೇವಾಸಂಸ್ಥೆಗಳಿಗೆ ತೆರೆದೇ ಇತ್ತು. ಆಮೇಲೆ ನ್ಯೂಯಾರ್ಕಿನ ಹಾರ್ಲೆಮ್ ಮತ್ತು ಬ್ರೂಕ್ಲಿನ್‌ನಲ್ಲಿ ಅಂಥ ಸಂಸ್ಥೆಗಳ ಹೆಸರಿನಲ್ಲೇ ನೂರಾರು ಕಟ್ಟಡಗಳಿಗೆ ಸಾಲ ಎದ್ದಿತು, ಕಟ್ಟಡಗಳು ಏಳಲಿಲ್ಲ.

ಅಂದಿನಿಂದ ಇಂದಿನವರೆಗೆ ಸರ್ಕಾರಕ್ಕೆ ನಿಜವಾಗಿ ಯಾವುದರ ಭಯ ಎಂಬುದು 203(ಕೆ) ಹಣದಲ್ಲಿ ಮಾಡಬಾರದ ಐಷಾರಾಮಗಳ ಪಟ್ಟಿಯಿಂದ ತಿಳಿಯುತ್ತದೆ. ಟೆನಿಸ್ ಅಂಕಣ ಕಟ್ಟಿಸುವಂತಿಲ್ಲ. ಬಾರ್ಬೆಕ್ಯೂ ಗುಂಡಿ, ಗಜೀಬೊ ಎಂಬ ಅಂಗಳದ ಮಂಟಪ, ಹೊರಾಂಗಣದ ಒಲೆ, ಬಿಸಿನೀರಿನ ತೊಟ್ಟಿ, ಟಿವಿ ಆಂಟೆನಾ, ಅಡುಗೆಮನೆಯಿಂದ ಮಹಡಿಗೆ ತಟ್ಟೆ ಸಾಗಿಸುವ ಪುಟ್ಟ ಲಿಫ್ಟ್, ಗೋಡೆ ತುಂಬುವ ಫೋಟೊ ಚಿತ್ರ, ಇವು ಯಾವುವೂ ಇಲ್ಲ. ಮರಗಳ ಕೊಂಬೆ ಕಡಿಸುವ ‘ಶಸ್ತ್ರಚಿಕಿತ್ಸೆ’ ನಿಷಿದ್ಧ, ಅಪಾಯವಿದ್ದರೆ ಮಾತ್ರ ವಿನಾಯಿತಿ. ಹೊಸ ಈಜುಕೊಳ ಇಲ್ಲ, ಆದರೆ ನೆಲದೊಳಗೆ ಹಳೆಯದೊಂದಿದ್ದರೆ ರಿಪೇರಿ ಮಾಡಿಸಬಹುದು. ಸೂರಿಲ್ಲದ, ಕೊಳಾಯಿಯಿಲ್ಲದ, ಬಚ್ಚಲ ನೆಲವೇ ಕುಸಿದ ಮನೆಯ ಅಂಗಳದಲ್ಲಿ ನಿಂತ ಬಡ ಸಾಲಗಾರ, ಕಂತಿನ ಮೊದಲ ಚೆಕ್ ಕೈಗೆ ಸಿಕ್ಕೊಡನೆ ರ‍್ಯಾಕೆಟ್ ಹಿಡಿದು ಟೆನಿಸ್ ಅಂಕಣಕ್ಕೆ ಗೆರೆ ಎಳೆಯುತ್ತಾನೆಂದು ವಾಷಿಂಗ್ಟನ್ನಿನ ಯಾವುದೋ ಮೇಜಿನ ಹಿಂದೆ ಕೂತವರು ಹೆದರಿದ್ದಾರೆ. ಆ ಫೋಟೊ ಚಿತ್ರದ ಬಗ್ಗೆ ನನಗೆ ಇನ್ನೂ ಕುತೂಹಲ. ನಿಯಮದಲ್ಲಿ ಜಾಗ ಗಿಟ್ಟಿಸುವಷ್ಟು ದೊಡ್ಡ ಜಲಪಾತವನ್ನು ಯಾವನೋ ಒಬ್ಬ ತನ್ನ ನಡುಮನೆಗೆ ಅಂಟಿಸಿರಲೇಬೇಕು.

ನಗು ಇಲ್ಲಿಗೆ ಸಾಕು. ಈ ವಿಮೆಯ ಕಂತನ್ನು ಕಟ್ಟುವವರು ಯಾರು? ಸಾಲ ತೆಗೆದುಕೊಂಡವರು. ಆರಂಭದಲ್ಲಿ ಸಾಲದ ಶೇ. 1.75, ಮೇಲೆ ವರ್ಷವರ್ಷವೂ ಇಷ್ಟಿಷ್ಟು. 2013ರಿಂದೀಚೆಗೆ, ಮುಂಗಡ ಶೇ. 10ಕ್ಕಿಂತ ಕಡಿಮೆಯಿದ್ದರೆ ಸಾಲ ತೀರುವವರೆಗೂ. ವಿಮೆ ಕಾಯುವುದು ಯಾರನ್ನು? ಸಾಲ ಕೊಟ್ಟವರನ್ನು. ನನ್ನ ಭಾವಮೈದುನ ಇಂದು ಬೆಲೆ ಕೂಗಬೇಕೆಂದಿರುವ ಇಂಥ ಮನೆಗಳಲ್ಲಿ ಹಿಂದೆ ಇದ್ದ ಕುಟುಂಬಗಳು ತಿಂಗಳು ತಪ್ಪದೆ ಆ ಕಂತು ಕಟ್ಟಿದ್ದವು. ಕೆಲಸ ಹೋದಾಗ, ಕಾಯಿಲೆ ಬಂದಾಗ ಆ ದುಡ್ಡಿನಿಂದ ಬ್ಯಾಂಕಿನ ನಷ್ಟ ತುಂಬಿತು, ಕುಟುಂಬದ ಸಾಮಾನು ರಸ್ತೆಗೆ ಬಂತು, ಮನೆ ಖಾಲಿ ಬಿದ್ದು ಕೊಳೆಯಿತು. ಅವರಿಗೆ ಒಂದು ಚಳಿಗಾಲ ದಾಟಿಸುವಷ್ಟು ಸೋಡಿ ಕೊಟ್ಟಿದ್ದರೆ ಆ ಕೊಳಾಯಿ ಒಡೆಯುತ್ತಿರಲಿಲ್ಲ. ಇದನ್ನು ಎಷ್ಟೋ ಸಲ ಹೇಳಿ ಬೇಸತ್ತಿದ್ದೇನೆ.

ಇಷ್ಟನ್ನೂ ಭಾವಮೈದುನನಿಗೆ ಫೋನಿನಲ್ಲಿ ಹೇಳಿದೆ. ಅವನು ಆಗಲೇ ಐದು ಸಾಲ ಸಂಸ್ಥೆಗಳಿಗೆ ಕರೆ ಮಾಡಿದ್ದನಂತೆ. ನಾಲ್ಕರಲ್ಲಿ “203(ಕೆ) ನಾವು ಮಾಡುವುದಿಲ್ಲ” ಎಂದರಂತೆ, ಐದನೆಯದರಲ್ಲಿ ಹಾಗೆಂದರೇನು ಎಂದು ಇವನನ್ನೇ ಕೇಳಿದರಂತೆ. ಆದರೂ ಅವನ ಉತ್ಸಾಹ ಇಳಿದಿಲ್ಲ. “ಭಾವ, ಆ ಪಟ್ಟಿಯಲ್ಲಿ ತುಳಸಿಕಟ್ಟೆ ಇದೆಯೇ ನೋಡಿ” ಎಂದ. ಎರಡು ಬಾರಿ ನೋಡಿದೆ, ಇಲ್ಲ. ಕಟ್ಟೆಯ ಮುಂದೆ ಕಾರ್ತಿಕದಲ್ಲಿ ದೀಪ ಹಚ್ಚಿದರೆ ಅದು ಹೊರಾಂಗಣದ ಒಲೆಯ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಮಾತ್ರ ಕನ್ಸಲ್ಟಂಟರನ್ನೇ ಕೇಳಬೇಕು. ಅವರ ಶುಲ್ಕವನ್ನೂ ಸಾಲದಲ್ಲಿ ಸೇರಿಸಬಹುದು.